ಪಾಳುಬಿದ್ದ ಕಲ್ಲುಕೋರೆ ಊರಿನ ಉದ್ಯಾನವಾಗಲಿ, ಆದರೆ ಕೆಲಸ ನೀರಿನಿಂದ ಶುರುವಾಗಲಿ

ನಮಸ್ಕಾರ. ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೋಗಲಿ, ವಿಟ್ಲದ ಕಡೆಗೆ ಹೋಗಲಿ, ಮುಖ್ಯರಸ್ತೆ ಬಿಟ್ಟು ಪದವುಗಳ, ಅಂದರೆ ಕೆಂಪುಕಲ್ಲಿನ ಚಪ್ಪಟೆ ಗುಡ್ಡಗಳ, ಒಳದಾರಿ ಹಿಡಿದರೆ, ಕೆಂಪುಕಲ್ಲು ತೆಗೆದು ಮುಗಿದ ಮೇಲೆ ಹಾಗೆಯೇ ಬಿಟ್ಟುಹೋದ ಕೋರೆಗಳು ಎದುರಾಗುತ್ತವೆ. ನಮ್ಮ ಮನೆ, ಶಾಲೆ, ಬಾವಿಕಟ್ಟೆ, ತೋಟದ ಪಾಗಾರ ಎಲ್ಲವೂ ಎದ್ದದ್ದು ಇಂಥ ಕೋರೆಗಳಿಂದ ಬಂದ ಕಲ್ಲಿನಿಂದಲೇ. ಈ ಪಾಳು ಕೋರೆಗಳನ್ನು ಊರಿನ ಉದ್ಯಾನಗಳಾಗಿ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಆ ಕೆಲಸ ಸ್ವಾಗತ ಕಮಾನಿನಿಂದಲೋ ಇಂಟರ್‌ಲಾಕ್ ಹಾಸಿನಿಂದಲೋ ಆರಂಭವಾದರೆ ಹಣವೂ ಹೋಗುತ್ತದೆ, ಜಾಗವೂ ಕೈತಪ್ಪುತ್ತದೆ. ಇಲ್ಲಿ ಮೊದಲು ಯೋಚಿಸಬೇಕಾದದ್ದು ನೀರಿನ ಬಗ್ಗೆ.

ಒಂದು ಹಳೆಯ ಕೋರೆಯನ್ನು ಹತ್ತಿರದಿಂದ ನೋಡಿ. ಕಲ್ಲು ಕೊಯ್ದ ಯಂತ್ರದ ಹಲ್ಲುಗಳು ಎಳೆದ ಗೆರೆಗಳು ಗೋಡೆಯ ಮೇಲೆ ಒಂದರ ಕೆಳಗೊಂದು ಸಾಲಾಗಿ ಉಳಿದಿರುತ್ತವೆ. ಗೋಡೆ ನೇರವಾಗಿ ನೀರಿಗೇ ಇಳಿದಿರುತ್ತದೆ. ಕಾಲಿಡಲು ಮೆಟ್ಟಿಲಿಲ್ಲ, ಹಿಡಿಯಲು ಒಂದು ಬೇರಿಲ್ಲ. ಜೂನ್‌ನಲ್ಲಿ ಕೆಂಪಗೆ ಕದಡಿದ್ದ ನೀರು ದೀಪಾವಳಿಯ ಹೊತ್ತಿಗೆ ತಿಳಿಯಾಗಿ, ಹಸಿರು ಛಾಯೆ ಪಡೆದು, ಆಳವೇ ಇಲ್ಲವೆಂಬಂತೆ ಕಾಣುತ್ತದೆ. ಈಜಲು ಇಳಿದ ಮಕ್ಕಳು ಮುಳುಗಿ ಸತ್ತ ಸುದ್ದಿಯನ್ನು ನಮ್ಮ ಕರಾವಳಿ ಜಿಲ್ಲೆಗಳ ಜನ ಮತ್ತೆ ಮತ್ತೆ ಓದಿದ್ದಾರೆ. ಆದ್ದರಿಂದ ಮೊದಲ ಖರ್ಚು ಜೀವ ಉಳಿಸುವುದಕ್ಕೆ ಆಗಬೇಕು: ಒಂದು ಬದಿಯ ಗೋಡೆಯನ್ನಾದರೂ ಒಡೆದು ಇಳಿಜಾರು ಮಾಡಬೇಕು, ಉಳಿದ ಬದಿಗಳನ್ನು ಹಂತ ಹಂತವಾಗಿ ತಗ್ಗಿಸಬೇಕು, ಅಂಚಿನಿಂದ ಸಾಕಷ್ಟು ಹಿಂದಕ್ಕೆ ಬೇಲಿ ಹಾಕಬೇಕು.

ಈಗ ನೀರಿನ ವಿಷಯ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ಇಷ್ಟು ಮಳೆ ಕಂಡ ಊರಿನಲ್ಲೇ 2019ರಲ್ಲೂ 2023ರಲ್ಲೂ ಬೇಸಿಗೆಯಲ್ಲಿ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರು ತಗ್ಗಿ, ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು. ಕೆಂಪುಕಲ್ಲಿನ ಮೈತುಂಬ ಸಣ್ಣ ಸಣ್ಣ ತೂತುಗಳಿರುವುದರಿಂದ ಅದು ಮಳೆಯನ್ನು ಹೀರಿಕೊಂಡು ನಿಧಾನವಾಗಿ ಕೆಳಗಿನ ಬೈಲಿನ ಬಾವಿಗಳಿಗೆ ಒಸರುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹಿರಿಯರು ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತಂದದ್ದು, ಗುಡ್ಡದ ತಗ್ಗಿನಲ್ಲಿ ಕಟ್ಟ ಕಟ್ಟಿ ಮಳೆನೀರು ನಿಂತು ಇಂಗುವ ಮದಕ ಮಾಡಿದ್ದು ಈ ಗುಣವನ್ನು ಬಲ್ಲವರಾಗಿಯೇ. ಕೋರೆ ತೋಡಿದಾಗ ಆ ಹೀರುವ ಪದರವನ್ನೇ ನಾವು ಲಾರಿಯಲ್ಲಿ ಸಾಗಿಸಿದ್ದೇವೆ. ಉಳಿದ ಹೊಂಡವನ್ನು ಮದಕದಂತೆ ಬಳಸಿ ಆ ನಷ್ಟವನ್ನು ಸ್ವಲ್ಪವಾದರೂ ತುಂಬಿಕೊಡಲು ಸಾಧ್ಯವಿದೆ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಕೆಂಪುಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು ಇರುತ್ತದೆ. ಒಣಗಿರುವಾಗ ಗಟ್ಟಿಯಾಗಿ ಕಾಣುವ ಈ ಮಣ್ಣು ನೀರು ಕುಡಿದ ಕೂಡಲೇ ಬಲ ಕಳೆದುಕೊಂಡು ಕುಸಿಯುತ್ತದೆ. ಶೇಡಿಯವರೆಗೂ ತೋಡಿದ ಕೋರೆಯಲ್ಲಿ ನೀರು ತುಂಬಿಸಿ, ದಡದ ಮೇಲೆ ಜನ ನಡೆದಾಡುವ ದಾರಿ ಮಾಡುವುದು ಅಪಾಯ. ಯಾವ ಕೋರೆ ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು ಭೂವಿಜ್ಞಾನಿಗಳು ನೋಡಿ ಹೇಳಿದ ಮೇಲೆಯೇ ನಕ್ಷೆಗೆ ಕೈಹಾಕಬೇಕು.

ಹೊಂಡವನ್ನು ಕಸದಿಂದ ತುಂಬಿ ಮೇಲೆ ಹುಲ್ಲು ಹಾಸಿದರಾಯಿತು ಎನ್ನುವವರೂ ಇದ್ದಾರೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಪಕ್ಕದ ಮಂದಾರದ ಮನೆ, ತೋಟಗಳ ಮೇಲೆ ಬಂದುಬಿದ್ದುದನ್ನು ಕಂಡ ಊರು ನಮ್ಮದು. ನೀರು ಹೀರುವ ಕಲ್ಲಿನ ನಡುವೆ ಕಸ ತುಂಬಿದರೆ ಅದರ ರಸ ಇಳಿಯುವುದು ಕೆಳಗಿನವರ ಬಾವಿಗೆ. ಈ ಸಲಹೆಯನ್ನು ನಾನು ಪೂರ್ತಿಯಾಗಿ ವಿರೋಧಿಸುತ್ತೇನೆ.

ಗಿಡಗಳ ವಿಷಯದಲ್ಲಿ ನಮ್ಮ ಮುಂದೆ ಒಳ್ಳೆಯ ಮಾದರಿಯೊಂದಿದೆ. ಹರಿಯಾಣದ ಗುರುಗ್ರಾಮದಲ್ಲಿ ಗಣಿಗಾರಿಕೆಯಿಂದ ಬರಡಾಗಿದ್ದ ನೆಲದಲ್ಲಿ ನಾಗರಿಕರೂ ನಗರಪಾಲಿಕೆಯೂ ಸೇರಿ 2010ರಲ್ಲಿ ಅರಾವಳಿ ಜೀವವೈವಿಧ್ಯ ಉದ್ಯಾನವನ್ನು ಆರಂಭಿಸಿದರು. ಪೇಟೆಯ ಅಲಂಕಾರದ ಗಿಡಗಳನ್ನು ತರದೆ, ಅರಾವಳಿಯ ಕಾಡುಗಳಿಂದಲೇ ಬೀಜ ಆರಿಸಿ ತಂದು, ನರ್ಸರಿಯಲ್ಲಿ ಸಸಿ ಮಾಡಿ ನೆಟ್ಟರು. ಸಂರಕ್ಷಿತ ಅರಣ್ಯಗಳ ಹೊರಗಿದ್ದೂ ಜೀವವೈವಿಧ್ಯವನ್ನು ಕಾಯುವ ತಾಣವೆಂಬ ಮನ್ನಣೆ 2022ರಲ್ಲಿ ದೇಶದಲ್ಲೇ ಮೊದಲಿಗೆ ಅದಕ್ಕೆ ಸಿಕ್ಕಿತು. ನಮ್ಮ ಪದವುಗಳಿಗೆ ಅಕೇಶಿಯ ಬೇಡ. ಕೇಪಳ, ಕುಂಟಲ, ಕರಂಡೆ, ನೆಕ್ಕರೆ ಇವೆಲ್ಲ ಕಲ್ಲಿನ ಸಂದಿಯಲ್ಲೇ ಬದುಕಬಲ್ಲವು. ಮಣ್ಣು ಸ್ವಲ್ಪ ಕೂಡಿದ ಮೇಲೆ ನೇರಳೆ, ಪುನರ್ಪುಳಿ, ಸುರಗಿ ಬರಲಿ. ಮಳೆಗಾಲದಲ್ಲಿ ಬರಿಯ ಕಲ್ಲುಹಾಸಿನ ಮೇಲೆ ಅರಳುವ ಪುಟ್ಟ ಹೂಗಿಡಗಳಿಗೆ, ಕೀಟ ಹಿಡಿಯುವ ಸಸ್ಯಗಳಿಗೆ ಮಣ್ಣು ಹೊದಿಸದ ಒಂದಿಷ್ಟು ಜಾಗವನ್ನು ಹಾಗೆಯೇ ಬಿಡುವುದು ಲೇಸು. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನವೂ ನೀರೆರೆಯಬೇಕಾದ ಉದ್ಯಾನವನ್ನು ಸುಸ್ಥಿರವೆಂದು ಕರೆಯಲು ನನ್ನಿಂದಾಗದು.

ಎಲ್ಲ ಗಣಿನೆಲವೂ ಉದ್ಯಾನವಾಗಬೇಕಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಪಶ್ಚಿಮ ಘಟ್ಟದ ಕುದುರೆಮುಖದ ಕಬ್ಬಿಣದ ಅದಿರು ಕೊಳವೆಯಲ್ಲಿ ಹರಿದು ಮಂಗಳೂರಿನ ನಮ್ಮ ಪಣಂಬೂರಿಗೇ ಬರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಅಂಥ ಕಾಡಿನ ನಡುವಣ ನೆಲಕ್ಕೆ ಜನಸಂಚಾರ ಬೇಡ. ಊರಿನ ಅಂಚಿನಲ್ಲಿರುವ, ಮಕ್ಕಳು ಹೇಗೂ ಹೋಗಿಬರುವ ಕೋರೆಗಳ ಬಗ್ಗೆಯಷ್ಟೇ ನಾನು ಮಾತಾಡುತ್ತಿರುವುದು.

ಹಣವೆಲ್ಲಿಂದ ಎಂದು ಕೇಳುವವರಿಗೆ ಉತ್ತರ ಕಾನೂನಿನಲ್ಲೇ ಇದೆ. ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೂ ಪ್ರಾಣಿಗಳಿಗೂ ಒದಗುವಂತೆ ಮಾಡುವುದನ್ನು ಗುತ್ತಿಗೆಯ ಷರತ್ತಾಗಿ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಕೇಂದ್ರಕ್ಕೆ ನಿರ್ದೇಶನ ನೀಡಿತು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ, ಗಣಿ ನಡೆಸುವವರೇ ಹಣ ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಕುಡಿಯುವ ನೀರು, ಪರಿಸರ ರಕ್ಷಣೆ ಎರಡೂ ಆದ್ಯತೆಯ ವಿಷಯಗಳೇ. ಪಟ್ಟಾ ಜಾಗದ ಕೋರೆಗಳಲ್ಲಿ ಮಾಲೀಕರ ಒಪ್ಪಿಗೆ ಬೇಕಾಗುವುದರಿಂದ ಸರ್ಕಾರಿ ಜಾಗದಲ್ಲಿರುವವುಗಳಿಂದ ಆರಂಭಿಸುವುದು ಸುಲಭ.

ಮುಂದಿನ ಗ್ರಾಮಸಭೆಗೆ ದಯವಿಟ್ಟು ಹೋಗಿ. ನಿಮ್ಮ ಪಂಚಾಯತ್ ವ್ಯಾಪ್ತಿಯ ಪಾಳು ಕೋರೆಗಳ ಸರ್ವೆ ನಂಬರ್ ಸಹಿತ ಪಟ್ಟಿಯನ್ನು ಕೇಳಿ, ನಡಾವಳಿಯಲ್ಲಿ ಬರೆಯಿಸಿ. ಕೋರೆಯ ಕೆಳಗಿನ ಬೈಲಿನ ನಾಲ್ಕೈದು ಬಾವಿಗಳ ನೀರಿನ ಮಟ್ಟವನ್ನು ಕೆಲಸ ಶುರುವಾಗುವ ಮೊದಲಿನ ಮೇ ತಿಂಗಳಲ್ಲಿ ಅಳೆದು ಪಂಚಾಯತ್ ಕಚೇರಿಯ ಫಲಕದಲ್ಲಿ ಹಾಕಲಿ. ಉದ್ಯಾನ ಉದ್ಘಾಟನೆಯಾದ ಮೇಲೆ ಪ್ರತಿ ಮೇ ತಿಂಗಳಲ್ಲೂ ಅವೇ ಬಾವಿಗಳನ್ನು ಅಳೆದು, ಆ ಅಂಕಿಯನ್ನು ಹಳೆಯದರ ಪಕ್ಕದಲ್ಲೇ ಬರೆಯಲಿ.