ಒಂದು ನಿಯಮ ಬದಲಿಸಿ ನೋಡಿ

ಎಲ್ಲರಿಗೂ ನಮಸ್ಕಾರ.

ಫ್ಯಾಂಟಸಿ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ನಕ್ಷೆ ಬಿಡಿಸುತ್ತಾರೆ. ಎರಡು ಬೆಟ್ಟಸಾಲು, ಒಂದು ದಟ್ಟ ಕಾಡು, ಮೂಲೆಯಲ್ಲಿ ಒಂದು ಕರಿ ಕೋಟೆ. ಆಮೇಲೆ ರಾಜವಂಶಗಳು, ದೇವರುಗಳು, ಸಾವಿರಾರು ವರ್ಷಗಳ ಇತಿಹಾಸ. ಕಥೆ ಮಾತ್ರ ಶುರುವಾಗುವುದೇ ಇಲ್ಲ. ನಾನು ಹೇಳಹೊರಟಿರುವುದು ಇದಕ್ಕೆ ಉಲ್ಟಾ ದಾರಿ. ನಮ್ಮ ಲೋಕದ ಒಂದೇ ಒಂದು ನಿಯಮ ಬದಲಿಸಿ. ಆಮೇಲೆ ಅದು ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅದರ ಬೆನ್ನು ಹತ್ತಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸತ್ತವರು ಸತ್ತ ಮೇಲೂ ಒಂದು ದಿನ ಮಾತಾಡಬಲ್ಲರು. ಏಳಲಾರರು, ಕೈಕಾಲು ಆಡಿಸಲಾರರು. ಮಾತು ಮಾತ್ರ.

ತಕ್ಷಣ ಹೊಳೆಯುವುದು ಕೊಲೆ. ಕೊಂದವನ ಹೆಸರನ್ನು ಸತ್ತವನೇ ಹೇಳಿಬಿಡುತ್ತಾನೆ, ಅಲ್ವಾ? ಹಾಗಾದರೆ ಕೊಲೆಗಾರರು ಮುಖ ಮುಚ್ಚಿಕೊಂಡು ಬರುತ್ತಾರೆ. ಇಲ್ಲವೇ ನಾಲಿಗೆ ಕತ್ತರಿಸಿ ಹೋಗುತ್ತಾರೆ. ಸತ್ತವರು ಸುಳ್ಳು ಹೇಳಬಹುದೇ? ಇದನ್ನು ನೀವು ಮೊದಲೇ ತೀರ್ಮಾನ ಮಾಡಬೇಕು. ನನ್ನನ್ನು ಕೇಳಿದರೆ, ಹೇಳಲಿ ಬಿಡಿ. ಆಗ, ತಾನಾಗಿಯೇ ವಿಷ ಕುಡಿದು, ಸತ್ತ ಮೇಲೆ ಪಕ್ಕದ ಮನೆಯವನ ಹೆಸರು ಹೇಳುವ ಹಠಮಾರಿ ಮುದುಕನೊಬ್ಬ ನಿಮಗೆ ಸಿಗುತ್ತಾನೆ.

ಆದರೆ ಕೊಲೆ ಎಲ್ಲರಿಗೂ ಹೊಳೆಯುತ್ತದೆ. ಇನ್ನೂ ಒಳಗೆ ಹೋಗಿ. ಈ ಲೋಕದಲ್ಲಿ ಬದುಕಿದ್ದಾಗ ಉಯಿಲು ಬರೆಯುವವರು ಕಡಿಮೆ. ಹೇಗೂ ಒಂದು ದಿನ ಕೈಯಲ್ಲಿದೆ! ಹಾಗಾಗಿ ಹೆಣದ ಪಕ್ಕ ಕೂತು ಬರೆದುಕೊಳ್ಳುವ ಬರಹಗಾರರ ಕಸುಬೇ ಹುಟ್ಟುತ್ತದೆ. ಗಂಟೆಗೆ ಇಷ್ಟು ಅಂತ ಕೂಲಿ. ಶ್ರೀಮಂತರು ಇಡೀ ದಿನಕ್ಕೆ ಕರೆಸುತ್ತಾರೆ, ಬಡವರು ಎರಡು ಗಂಟೆಗೆ. ನೀರಿನಲ್ಲಿ ಮುಳುಗಿ ಹೋದವರ ದಿನ ಯಾರಿಗೂ ಕೇಳಿಸದೆ ಮುಗಿಯುತ್ತದೆ. ಹಾಗಾಗಿ ಮೀನುಗಾರರು ಮಾತ್ರ ದೋಣಿ ಹತ್ತುವ ಮೊದಲೇ ಎಲ್ಲ ಹೇಳಿ ಹೋಗುತ್ತಾರೆ. ಮಿಕ್ಕವರಿಗೆ ಅವರು ಬಾಯಿ ಬಡುಕರಂತೆ ಕಾಣುತ್ತಾರೆ.

ಈಗ ಒಂದು ಕೋಣೆ. ಬರಹಗಾರನ ಬಳಿ ಕೆಲಸ ಕಲಿಯುತ್ತಿರುವ ಹುಡುಗಿ ಮೊದಲ ಸಲ ಒಬ್ಬಳೇ ಬಂದಿದ್ದಾಳೆ. ಸತ್ತ ಹೆಂಗಸು ಸಾಲದ ಲೆಕ್ಕ ಹೇಳುತ್ತಿದ್ದಾಳೆ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು. ನಡುವೆ ನಿಲ್ಲಿಸಿ, "ಇನ್ನು ಹೇಳೋದನ್ನ ಬರೀಬೇಡಮ್ಮ" ಅನ್ನುತ್ತಾಳೆ. ಬಾಗಿಲ ಹೊರಗೆ ಗಂಡ ಕಿವಿಗೊಟ್ಟು ನಿಂತಿದ್ದಾನೆ. ಕೂಲಿ ಕೊಟ್ಟವನು ಅವನು. ಬರೆಯದಿದ್ದರೆ ಹುಡುಗಿಯ ಕಸುಬು ಹೋಗುತ್ತದೆ. ನೋಡಿ, ಇಲ್ಲಿ ರಾಜನಿಲ್ಲ, ಡ್ರ್ಯಾಗನ್ ಇಲ್ಲ. ಲೋಕವೂ ಇದೆ, ಜಗಳವೂ ಇದೆ.

ಒಂದು ಬದಲಾವಣೆ ಇಷ್ಟು ದೂರ ಹೋಗುತ್ತದೆಯೇ ಅಂತ ಅನುಮಾನ ಬೇಡ. ನಿಜವಾದ ಭೂಮಿಯೂ ಹೀಗೇ ನಡೆಯುತ್ತದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಟಾಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಗಂಧಕದ ಅನಿಲ ವಾತಾವರಣದ ಮೇಲಿನ ಪದರ ಸೇರಿ ಸೂರ್ಯನ ಬಿಸಿಲನ್ನು ತಡೆಯಿತು. ಮರುವರ್ಷ ಅಮೆರಿಕದ ಈಶಾನ್ಯ ಭಾಗದಲ್ಲಿ ಜೂನ್‌ನಲ್ಲೇ ಹಿಮ ಬಿತ್ತು. ಯುರೋಪಿನಲ್ಲಿ ಬೆಳೆ ಕೈಕೊಟ್ಟು ಧಾನ್ಯದ ಬೆಲೆ ಏರಿತು. ಆ ಬೆಟ್ಟದ ಹೆಸರನ್ನೂ ಕೇಳದ ರೈತರು ಹಸಿದರು. ನಿಮ್ಮ ಮಂತ್ರವಾದಿ ಬಿರುಗಾಳಿ ಎಬ್ಬಿಸಿದರೆ ಅದು ಯಾರ ಹೊಲಕ್ಕೆ ಹೊಡೆಯಿತು ಅಂತಲೂ ಕೇಳಿ.

ನೀವು ಬದಲಿಸದ ವಿಷಯಗಳಲ್ಲಿ ಮಾತ್ರ ಭೂಮಿಯ ನಿಯಮವೇ ಇರಲಿ. ಓದುಗರು ಹಾಗೇ ಅಂದುಕೊಳ್ಳುತ್ತಾರೆ. ಹೊಳೆಗಳು ಹರಿಯುತ್ತಾ ಒಂದನ್ನೊಂದು ಸೇರುತ್ತವೆ. ಸಮುದ್ರದ ಹತ್ತಿರ ಬಿಟ್ಟರೆ ಕವಲೊಡೆಯುವುದು ಅಪರೂಪ. ಗಾಳಿ ಬರುವ ಕಡೆಯ ಬೆಟ್ಟದ ಮೈಗೆ ಮಳೆ ಜಾಸ್ತಿ, ಆಚೆ ಬದಿ ಒಣನೆಲ. ಇಷ್ಟು ಗೊತ್ತಿದ್ದರೆ ನಕ್ಷೆಗೆ ಸಾಕು.

ಸೈನ್ಯದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಹಠ. ಒಂದು ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಮೇವು, 30 ಲೀಟರ್ ನೀರು ಬೇಕು. ಸಾವಿರ ಕುದುರೆ ಅಂದರೆ 10 ಟನ್ ಮೇವು, 30,000 ಲೀಟರ್ ನೀರು. ಅದೂ ಪ್ರತಿದಿನ! ಹಾಗಿರುವಾಗ ಮರುಭೂಮಿ ದಾಟಿ ಸುಮ್ನೆ ಬಂದು ನಿಲ್ಲುವ ದಂಡನ್ನು ನಾನಂತೂ ನಂಬುವುದಿಲ್ಲ. ದಾರಿಯಲ್ಲಿನ ಬಾವಿ ಯಾರ ವಶದಲ್ಲಿದೆಯೋ ಅವನೇ ಅಲ್ಲಿನ ದೊಡ್ಡ ಮನುಷ್ಯ. ಕೋಟೆ ಮುತ್ತಿಗೆಗಿಂತ ಆ ಬಾವಿಯ ಜಗಳದಲ್ಲೇ ಕಥೆ ಚೆನ್ನಾಗಿ ಬರಬಹುದು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಅದನ್ನೆಲ್ಲ ಓದುಗರ ಮೇಲೆ ಸುರಿಯುವ ಚಪಲ ಬರುತ್ತದೆ. ಮೊದಲ ಅಧ್ಯಾಯದಲ್ಲೇ, "ನಮ್ಮ ಲೋಕದಲ್ಲಿ ಸತ್ತವರು ಮಾತಾಡುತ್ತಾರೆಂಬುದು ನಿನಗೆ ತಿಳಿದೇ ಇದೆ" ಅಂತ ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ. ತಿಳಿದಿದ್ದರೆ ಹೇಳುವುದೇಕೆ? ಅಲ್ಲಿ ಹುಟ್ಟಿ ಬೆಳೆದವರಿಗೆ ಅದರಲ್ಲಿ ಏನೂ ವಿಶೇಷವಿಲ್ಲ. ಆ ಹುಡುಗಿಗೆ ಹೆಣ ಮಾತಾಡಿದ್ದು ಆಶ್ಚರ್ಯವಲ್ಲ. ಶಾಯಿ ಖಾಲಿಯಾಗುತ್ತಿದೆ ಅನ್ನುವುದೇ ಅವಳ ಚಿಂತೆ. ಅವಳ ಚಿಂತೆಯನ್ನು ಬರೆಯಿರಿ, ನಿಯಮ ಓದುಗರಿಗೆ ತಾನಾಗಿ ಗೊತ್ತಾಗುತ್ತದೆ.

ಈಗ ಕಾಗದ, ಪೆನ್ನು ತೆಗೆಯಿರಿ. ನಿಮ್ಮ ಲೋಕದಲ್ಲಿ ಬದಲಾಗಿರುವ ನಿಯಮವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ, ಆ ನಿಯಮದಿಂದ ಹೊಟ್ಟೆ ಹೊರೆಯುವವನೊಬ್ಬ, ಹೊಟ್ಟೆಪಾಡು ಕಳೆದುಕೊಂಡವನೊಬ್ಬ. ಹತ್ತು ನಿಮಿಷ ಸಮಯ. ಆಮೇಲೆ ಒಬ್ಬೊಬ್ಬರಾಗಿ ಓದೋಣ.