ಉಪ್ಪುನೀರಿನ ಟ್ಯಾಂಕನ್ನು ಬೇಸಿಗೆಯಲ್ಲೇ ಆರಂಭಿಸಿ

ನಮಸ್ಕಾರ. ಕಲಬುರಗಿಯಲ್ಲಿ ಹವಳದ ಅಕ್ವೇರಿಯಂ ಇಡಬೇಕೆನ್ನುವವರಿಗೆ ‘ಬಿಸಿಲು ಇಳಿಯಲಿ, ಮಳೆಗಾಲ ಕಳೆದ ಮೇಲೆ ನೋಡೋಣ’ ಎಂಬ ಸಲಹೆ ಸಿಗುತ್ತದೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಟ್ಯಾಂಕಿಗೆ ನೀರು ತುಂಬಲು ಏಪ್ರಿಲ್ ತಿಂಗಳೇ ಸೂಕ್ತ. ಆದರೆ ಮೀನು ಬಿಡಲು ಅಲ್ಲ.

ಹೊಸ ಟ್ಯಾಂಕಿನಲ್ಲಿ ಮೊದಲು ನೆಲೆಯೂರಬೇಕಾದವು ಬ್ಯಾಕ್ಟೀರಿಯಾಗಳು. ಒಂದು ಬಗೆಯವು ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇವೆರಡೂ ಕಲ್ಲು, ಮರಳುಗಳ ಮೇಲೆ ಸಾಕಷ್ಟು ಬೆಳೆಯುವವರೆಗೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಕಾಯುವುದೇ ಸೈಕ್ಲಿಂಗ್. ಅಮೋನಿಯಾವನ್ನು 2 ಪಿಪಿಎಂವರೆಗೆ (ಹತ್ತು ಲಕ್ಷಕ್ಕೆ 2 ಪಾಲು) ಹಾಕಿದಾಗ ಅದೂ ನೈಟ್ರೈಟೂ 24 ಗಂಟೆಗಳೊಳಗೆ ಸೊನ್ನೆಗಿಳಿದರೆ ಟ್ಯಾಂಕ್ ಸಿದ್ಧವಾದಂತೆ. ಇದಕ್ಕಾಗಿ ಜೀವಂತ ಮೀನನ್ನು ಬಿಟ್ಟು ಅದರ ಕಿವಿರು ಸುಡಿಸುವ ಪದ್ಧತಿ ಇನ್ನಾದರೂ ನಿಲ್ಲಬೇಕು. ಕಲ್ಲಿನ ವಿಷಯದಲ್ಲಿಯೂ ಕಡಲಿನಿಂದ ಕಿತ್ತ ಹವಳದ ಕಲ್ಲು ಬೇಡ, ಒಣಗಿದ ಕಲ್ಲೇ ಇರಲಿ: ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ನಮ್ಮ ಕಡಲಿನಿಂದ ಅವುಗಳನ್ನು ಕಿತ್ತು ಮಾರುವುದು ಅಪರಾಧ.

ಈ ಬ್ಯಾಕ್ಟೀರಿಯಾಗಳಿಗೆ 30 ಡಿಗ್ರಿ ನೀರು ತೊಂದರೆಯಲ್ಲ. ಹವಳಕ್ಕೆ 25ರ ಆಸುಪಾಸು ಬೇಕು. ಹೊರಗೆ 40 ದಾಟುವ ಊರಿನಲ್ಲಿ ಆ ಅಂತರವನ್ನು ನಮ್ಮ ಸಲಕರಣೆ ತುಂಬಬಲ್ಲದೇ ಎಂಬುದನ್ನು ಜೀವವಿಲ್ಲದ ಟ್ಯಾಂಕಿನಲ್ಲಿ ಪರೀಕ್ಷಿಸುವುದೇ ವಿವೇಕ. ಮನೆಯ ಕೂಲರ್ ಕೆಲಸ ಮಾಡುವ ತತ್ತ್ವದಲ್ಲೇ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಕೂಡ ನಮ್ಮ ಒಣಹವೆಯಲ್ಲಿ ಚೆನ್ನಾಗಿ ತಂಪು ಮಾಡುತ್ತದೆ. ಕರಾವಳಿಯವರಿಗೆ ಈ ಅನುಕೂಲ ಇಷ್ಟಿಲ್ಲ. ಆದರೆ ಆವಿಯಾಗುವುದು ನೀರು, ಉಪ್ಪಲ್ಲ. 35 ಪಿಪಿಟಿ (ಸಾವಿರಕ್ಕೆ 35 ಪಾಲು) ಲವಣಾಂಶದ 100 ಲೀಟರಿನಲ್ಲಿ 4 ಲೀಟರ್ ಆರಿದರೆ ಲವಣಾಂಶ ಸುಮಾರು 36.5ಕ್ಕೆ ಏರುತ್ತದೆ. ಆದ್ದರಿಂದ ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ದಿನವೂ ಆ ಗೆರೆಯವರೆಗೆ ಉಪ್ಪು ಬೆರೆಸದ ಆರ್‌ಓ ನೀರನ್ನೇ ಸೇರಿಸಬೇಕು. ಗಡಸು ಬೋರ್‌ವೆಲ್ ನೀರು ಸುರಿದರೆ ಅದರಲ್ಲಿರುವ ಖನಿಜ, ನೈಟ್ರೇಟುಗಳು ಟ್ಯಾಂಕಿನಲ್ಲೇ ಶೇಖರವಾಗುತ್ತ ಹೋಗುತ್ತವೆ.

ಕರೆಂಟ್ ಹೋಗುವುದಂತೂ ಇದ್ದದ್ದೇ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಬ್ಯಾಟರಿಯ ಏರ್ ಪಂಪ್ ಎಷ್ಟು ಹೊತ್ತು ನಡೆಯುತ್ತದೆಂಬುದನ್ನೂ ಈಗಲೇ ನೋಡಿಕೊಳ್ಳಿ. ಮೇ ತಿಂಗಳ ಮಧ್ಯಾಹ್ನ ಫ್ಯಾನ್ ಹಾಕಿಯೂ ನೀರು 28 ದಾಟುತ್ತಿದ್ದರೆ ನೀರು ತಂಪಾಗಿಸುವ ಯಂತ್ರವಾದ ಚಿಲ್ಲರ್‌ಗೆ ಹಣ ಕೂಡಿಸಿ; ಅದು ಕೈಗೆಟುಕದಿದ್ದರೆ ಹವಳದ ಆಸೆ ಬಿಟ್ಟು, ಸ್ವಲ್ಪ ಬಿಸಿ ತಡೆಯಬಲ್ಲ ಕ್ಲೌನ್ ಮೀನುಗಳ ಜೋಡಿಯೊಂದನ್ನು ಸಾಕಿ.