ಮೂಗಿನ ಮೇಲಿನ ಕಪ್ಪು ಚುಕ್ಕೆ

ನಮಸ್ಕಾರ ಕೇಳುಗರೇ. ಬೆಳಿಗ್ಗೆ ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿ ದಾದರಿನಲ್ಲಿ ಇಳಿಯುವವರಿಗೆ ಇದು ಗೊತ್ತೇ ಇರುತ್ತದೆ. ಇಳಿದ ಮೇಲೆ ಬಿಳಿ ಕರ್ಚೀಫಿನಿಂದ ಮುಖ ಒರೆಸಿದರೆ ಅದರ ಮೇಲೆ ಕಪ್ಪು ಗೆರೆ. ನನ್ನ ಮೂಗಿನ ಮೇಲಿನ ಚುಕ್ಕೆಗಳೂ ಇದೇ ಕೊಳೆ ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಹಾಗಾಗಿ ತಿಕ್ಕಿದೆ. ಕಡಲೆಹಿಟ್ಟು ಹಾಕಿ ತಿಕ್ಕಿದೆ, ಸಕ್ಕರೆ ಹಾಕಿ ತಿಕ್ಕಿದೆ. ಒಮ್ಮೆ ಯಾರದೋ ಮಾತು ಕೇಳಿ ನಿಂಬೆರಸಕ್ಕೆ ಅಡಿಗೆ ಸೋಡಾ ಬೆರೆಸಿದೆ. ಎರಡು ದಿನ ಮೂಗು ಉರಿಯಿತು, ಸಿಪ್ಪೆ ಎದ್ದಿತು. ಚುಕ್ಕೆಗಳು ಮಾತ್ರ ಇದ್ದಲ್ಲೇ ಇದ್ದವು.

ಯಾಕೆಂದರೆ ಅದು ಕೊಳೆಯೇ ಅಲ್ಲ. ಮುಖದ ಚರ್ಮದ ತುಂಬ ಸಣ್ಣ ಸಣ್ಣ ತೂತುಗಳಿವೆ. ಅದರೊಳಗೆ ಕೂದಲಿನ ಬುಡ, ಅದಕ್ಕಂಟಿಕೊಂಡು ಜಿಡ್ಡು ಬಿಡುವ ಗ್ರಂಥಿ. ಈ ಜಿಡ್ಡು ಬೇಕು, ಚರ್ಮ ಒಣಗದಂತೆ ಕಾಯುತ್ತದೆ. ಆದರೆ ತೂತಿನ ಒಳಗೋಡೆಯಿಂದ ಸತ್ತ ಕೋಶಗಳೂ ಉದುರುತ್ತಲೇ ಇರುತ್ತವೆ. ಅವು ಹೊರಗೆ ಹೋಗದೆ ಜಿಡ್ಡಿನ ಜೊತೆ ಕಲಸಿಕೊಂಡರೆ ಬಾಟಲಿಗೆ ಬಿರಡೆ ಹಾಕಿದ ಹಾಗೆ ಆಗುತ್ತದೆ. ಮೇಲೆ ಚರ್ಮ ಮುಚ್ಚಿದ್ದರೆ ಬಿಳಿ ಗುಳ್ಳೆ. ಬಾಯಿ ತೆರೆದಿದ್ದರೆ ಬ್ಲ್ಯಾಕ್‌ಹೆಡ್, ಅಂದರೆ ಆ ಕಪ್ಪು ಚುಕ್ಕೆ. ಹೆಚ್ಚಿಟ್ಟ ಬಾಳೆಕಾಯಿ ಗಾಳಿಗೆ ಕಪ್ಪಾಗುತ್ತದಲ್ವಾ? ಸುಮಾರು ಹಾಗೆಯೇ ಇದೂ. ಚರ್ಮದ ಬಣ್ಣ ಕೊಡುವ ಮೆಲನಿನ್ ಕೂಡ ಅದರಲ್ಲಿ ಸೇರಿರುತ್ತದೆ.

ಇನ್ನು ಆವಿ ಹಿಡಿದರೆ ತೂತು ತೆರೆಯುತ್ತದೆ, ತಣ್ಣೀರು ಹಾಕಿದರೆ ಮುಚ್ಚುತ್ತದೆ ಎನ್ನುತ್ತಾರೆ. ಅದೇನು ಬಾಗಿಲೇ? ಆವಿಗೆ ಜಿಡ್ಡು ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ಮೂಗಿನ ಮೇಲೆ ಒಂದೇ ಸಮ ಕಾಣುವ ನಸುಬೂದು ಚುಕ್ಕೆಗಳಂತೂ ಬಹುಪಾಲು ಬ್ಲ್ಯಾಕ್‌ಹೆಡ್ಡೇ ಅಲ್ಲ, ಎಲ್ಲರಿಗೂ ಇರುವ ಮಾಮೂಲಿ ಜಿಡ್ಡು. ಮೂಗಿಗೆ ಅಂಟುಪಟ್ಟಿ ಹಾಕಿ ಕಿತ್ತರೂ ಕೆಲವೇ ವಾರಗಳಲ್ಲಿ ಮತ್ತೆ ತುಂಬುತ್ತದೆ. ನಾನು ಆ ಪಟ್ಟಿಗಳಿಗೆ ಸುರಿದ ದುಡ್ಡು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಕರಾವಳಿಯವರ ಕಥೆ ಬೇರೆಯೇ ಇದೆ. ಬಸ್ಸಿನಲ್ಲಿ ಊರಿನಿಂದ ತೆಂಗಿನೆಣ್ಣೆ ಬರುತ್ತದೆ. ಬೆಳಿಗ್ಗೆ ತಲೆಗೆ ಹಚ್ಚಿ, ಬಾಚಿ, ಲೋಕಲ್ ಹತ್ತುತ್ತೇವೆ. ಥಾಣೆ ದಾಟುವಷ್ಟರಲ್ಲಿ ಬೆವರಿನ ಜೊತೆ ಎಣ್ಣೆ ಹಣೆಗೆ ಇಳಿದಿರುತ್ತದೆ. ತೆಂಗಿನೆಣ್ಣೆ ಈ ತೂತುಗಳನ್ನು ಕಟ್ಟಿಸುವ ಗುಣದ್ದು. ಹಣೆಯ ಅಂಚಿನಲ್ಲಿ, ಕೂದಲ ಹತ್ತಿರ ಮಾತ್ರ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದರೆ ಮೊದಲು ಎಣ್ಣೆಯನ್ನೇ ಅನುಮಾನಿಸಿ.

ಮಾಡಬೇಕಾದ್ದು ಜಾಸ್ತಿ ಏನಿಲ್ಲ. ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್, ತುಂಬ ಬೆವರಿದರೆ ಇನ್ನೊಂದು ಸಲ. ಕೈಯಲ್ಲೇ ತೊಳೆಯಿರಿ, ಬ್ರಷ್ ಬೇಡ. ಔಷಧಿಗಳಲ್ಲಿ ಸ್ಯಾಲಿಸಿಲಿಕ್ ಆಸಿಡ್ ಜಿಡ್ಡಿನಲ್ಲಿ ಕರಗುವಂಥದ್ದು, ಹಾಗಾಗಿ ಬಿರಡೆಯ ಒಳಗೇ ಇಳಿಯುತ್ತದೆ. ಶೇಕಡಾ 2ರದ್ದು ಸಾಕು, ಮೊದಲು ದಿನ ಬಿಟ್ಟು ದಿನ ಹಚ್ಚಿ. ಅದರಿಂದ ಆಗದಿದ್ದರೆ ವೈದ್ಯರು ಅಡಾಪಲೀನ್ ಎಂಬ ಹಚ್ಚುವ ಔಷಧಿ ಬರೆದುಕೊಡಬಹುದು. ರಾತ್ರಿ ಹೊತ್ತು, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಬಸುರಿಯರು ಹಚ್ಚಬಾರದು. ಮೊದಮೊದಲು ಚರ್ಮ ಒಣಗುತ್ತದೆ, ಗುಳ್ಳೆ ಜಾಸ್ತಿಯಾದಂತೆಯೂ ಕಾಣುತ್ತದೆ. ಎರಡು ಮೂರು ತಿಂಗಳು ಕಾಯಬೇಕು. ಜಿಡ್ಡು ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಅನ್ನಬೇಡಿ, ತೆಳುವಾದ ಜೆಲ್ ತರಹದ್ದು ಹಚ್ಚಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪಕ್ಕದ ಮನೆಯವರು ಹೇಳಿದರು, ಬೆಳ್ಳಗಾಗುತ್ತದೆ ಅಂತ ಮೆಡಿಕಲ್ ಶಾಪಿನಿಂದ ಟ್ಯೂಬ್ ತಂದು ಹಚ್ಚಬೇಡಿ. ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಮುಖ ತುಂಬುತ್ತದೆ. ನೋವಿನ ಗಡ್ಡೆಗಳು ಎದ್ದರೆ, ಕಲೆ ಗುಳಿ ಬೀಳುತ್ತಿದ್ದರೆ ಚರ್ಮದ ಡಾಕ್ಟರ ಹತ್ತಿರವೇ ಹೋಗಿ. ಉಗುರಿನಲ್ಲಿ ಹಿಂಡಬೇಡಿ.

ನಮ್ಮಮ್ಮ ಊರಿನಿಂದ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ಎಣ್ಣೆ ಹಚ್ಚುತ್ತೀಯಲ್ಲ ಮಗಳೇ?" ಹಚ್ಚುತ್ತೇನೆ ಅಮ್ಮ, ಅನ್ನುತ್ತೇನೆ. ಸುಳ್ಳಲ್ಲ. ಭಾನುವಾರ, ಹಣೆಗೆ ಬಟ್ಟೆ ಕಟ್ಟಿಕೊಂಡು, ತಲೆಸ್ನಾನಕ್ಕೆ ಒಂದು ಗಂಟೆ ಮೊದಲು. ಉಳಿದದ್ದು ನೀರುದೋಸೆಯ ಕಾವಲಿಗೆ.